ಬೆಲ್ಜಿಯಮಿನ ಮಠಗಳಲ್ಲಿ ಬಿಯರ್ ಮತ್ತು ಚೀಸ್

ಬೆಲ್ಜಿಯಮಿನ ಟ್ರಾಪಿಸ್ಟ್ ಕ್ರೈಸ್ತಮಠಗಳು ತಯಾರಿಸುವ ಬಿಯರನ್ನೂ ಚೀಸನ್ನೂ ಜೊತೆಗೂಡಿಸಿ ಸೇವಿಸುವುದು ಮಧ್ಯಯುಗದಿಂದ ಅವಿಚ್ಛಿನ್ನವಾಗಿ ನಡೆದುಬಂದ ಸಂಪ್ರದಾಯವೆಂಬ ಮಾತು ಬಹುವಾಗಿ ಪ್ರಚಾರದಲ್ಲಿದೆ. ಇದನ್ನು ನಾವು ಒಪ್ಪಲಾರೆವು. ಆರ್ವಾಲ್ ಮಠವು 11ನೆಯ ಶತಮಾನದ್ದೇ ಆದರೂ, 1793ರಲ್ಲಿ ಫ್ರೆಂಚ್ ಸೈನ್ಯವು ಸುಟ್ಟ ಬಳಿಕ ಅದು 1926ರವರೆಗೆ ಹಾಳುಬಿದ್ದಿತ್ತು. ಅಲ್ಲಿ ಚೀಸಿನ ತಯಾರಿಕೆ ಆರಂಭವಾದುದು 1928ರಲ್ಲಿ. ಈಗಿನ ಬಿಯರ್ ಕಾರ್ಖಾನೆಯಾದರೋ ಪುನರ್ನಿರ್ಮಾಣದ ವೆಚ್ಚಕ್ಕೆಂದು 1931ರಲ್ಲಿ ಹುಟ್ಟಿದುದು. ಶಿಮೇ ಬಿಯರಿನ ತವರಾದ ಸ್ಕೂರ್ಮೋ ಮಠವು ಸ್ಥಾಪಿತವಾದುದೇ 1850ರಲ್ಲಿ. ಅಲ್ಲಿಯ ಬಿಯರ್ 1862ರದು, ಚೀಸ್ 1876ರದು. (ಮಠಗಳಲ್ಲಿ ಬಿಯರ್ ತಯಾರಿಕೆಯೇ ಹೊಸತೆಂದು ನಮ್ಮ ಅಭಿಪ್ರಾಯವಲ್ಲ.) ಇಲ್ಲಿ ನಿಜವಾಗಿ ಪ್ರಾಚೀನವಾದುದು, ಸಂನ್ಯಾಸಿಗಳು ತಮ್ಮ ಕೈದುಡಿಮೆಯಿಂದಲೇ ಬದುಕಬೇಕೆಂಬ ಸಂತ ಬೆನೆಡಿಕ್ಟನ ನಿಯಮ, ಹಾಲೂ ಬಾರ್ಲಿಯೂ ಮಠದ ಜೀವನೋಪಾಯವಾದುದು ಆ ನಿಯಮದ ಆಶ್ರಯದಲ್ಲಿಯೇ.

ಹಾಗೆಂದು ಈ ಜೋಡಣೆ ನಿರಾಧಾರವೇನೂ ಅಲ್ಲ. ಚೀಸಿನ ಕೊಬ್ಬು ನಾಲಗೆಗೆ ಅಂಟಿ ನಿಲ್ಲುತ್ತದೆ. ಬಿಯರಿನ ನೊರೆಗುಳ್ಳೆಗಳೂ ಹಾಪ್ ಹೂವಿನ ಕಹಿಯೂ ಅದನ್ನು ಕಳೆದು, ಮುಂದಿನ ತುತ್ತಿಗೆ ನಾಲಗೆಯನ್ನು ಅಣಿಗೊಳಿಸುತ್ತವೆ. ಶಿಮೇಯ ಒಂದು ಬಗೆಯ ಚೀಸಿನ ಹೊರಪದರವನ್ನು, ಅದು ಹದಗೊಳ್ಳುವ ದಿನಗಳಲ್ಲಿ, ಮಠದ ಬಿಯರಿನಿಂದಲೇ ತೊಳೆಯುವರು. ಅದರ ತೀಕ್ಷ್ಣ ಗಂಧಕ್ಕೆ ಸಿಹಿಛಾಯೆಯ ಕಂದುಬಣ್ಣದ ಬಿಯರು ಒಪ್ಪುತ್ತದೆ. ಆರ್ವಾಲಿನ ಮೃದುವಾದ ಚೀಸಿಗೆ ಆ ಮಠದ ಕಹಿ ಬಿಯರೇ ಮೇಲು.