ಬಾಲ ಊರಿ ಕುಳಿತ ಮಿಗ್

ಎರಡು ತಿಂಗಳು ಕೂತು ಕಟ್ಟಿದ ವಿಮಾನ ಅದು. ಕೊನೆಯ ಚಕ್ರ ಅಂಟಿಸಿ, ಗಮ್ ಒಣಗಲಿ ಎಂದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಜಿನ ಮೇಲೆ ನಿಲ್ಲಿಸಿದೆ. ಮೂತಿ ಮೇಲೆತ್ತಿ, ಬಾಲ ಊರಿ, ನಾಯಿಯಂತೆ ಕುಳಿತುಬಿಟ್ಟಿತು! ಕಾಫಿ ತಂದ ಅಮ್ಮ, 'ಇದು ಹಾರೋದಾ, ಕೂರೋದಾ?' ಎಂದಳು.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿದೆ. ಕೆಲಸ ಕ್ಯಾಂಪಸ್‌ನಲ್ಲೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಟ್ಯೂಷನ್ ಹೇಳಿ ಬಂದ ದುಡ್ಡಿನಲ್ಲಿ ಮಿಗ್-21ರ ಪ್ಲಾಸ್ಟಿಕ್ ಕಿಟ್ ತರಿಸಿಕೊಂಡಿದ್ದೆ. 'ವಯಸ್ಸು ಇಪ್ಪತ್ನಾಲ್ಕು, ಆಟದ ಸಾಮಾನು ತರಿಸಿದ್ದಾನೆ' ಎಂದು ಅಪ್ಪ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು ಬಿಡಿ.

ಆಟದ ಸಾಮಾನೇ? 1942ರಲ್ಲಿ ಅಮೆರಿಕದ ನೌಕಾಪಡೆ, 1/72 ಅಳತೆಯ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಕೊಡಿ ಎಂದು ಅಲ್ಲಿನ ಶಾಲಾ ಮಕ್ಕಳನ್ನೇ ಕೇಳಿತ್ತು. ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಗುರುತು ಹಿಡಿಯುವುದನ್ನು ಸೈನಿಕರಿಗೆ ಕಲಿಸುವುದಕ್ಕೆ. ನನ್ನ ಕಿಟ್ಟೂ ಅದೇ ಅಳತೆಯದು. ಅದರಲ್ಲಿ ಆರು ಅಡಿಯ ಪೈಲಟ್ ಒಂದು ಇಂಚಾಗುತ್ತಾನೆ. ಏಳು ಮೀಟರ್ ದಾಟುವ ರೆಕ್ಕೆಗಳ ಅಗಲ ಹತ್ತು ಸೆಂಟಿಮೀಟರ್‌ಗೆ ಇಳಿಯುತ್ತದೆ. ಇದನ್ನೆಲ್ಲ ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಬೇಕು, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಬೇಕು. ಇದರ ಗಮ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಒಣಗಿದ ಮೇಲೆ ಬಿಡಿಸುವ ಮಾತಿಲ್ಲ. ನಮ್ಮ ವಾಯುಪಡೆಯ ಹಳೆಯ ಮಿಗ್‌ಗಳು ಲೋಹದ ಬಣ್ಣದಲ್ಲೇ ಹೊಳೆಯುತ್ತಿದ್ದವು ಎಂದು ನಾನೂ ಬೆಳ್ಳಿ ಬಣ್ಣ ಆರಿಸಿಕೊಂಡೆ. ಬೆಳ್ಳಿಯಷ್ಟು ಚಾಡಿಕೋರ ಬಣ್ಣ ಬೇರೊಂದಿಲ್ಲ. ಅಡಿಯಲ್ಲಿರುವ ಸಣ್ಣ ಗೀರು, ಬೆರಳ ಗುರುತು ಎಲ್ಲವನ್ನೂ ಊರಿಗೇ ಹೇಳುತ್ತದೆ. ಮೂರು ಸಲ ಉಜ್ಜಿ ತೆಗೆದು ಮತ್ತೆ ಬಳಿದೆ. ಕೇಸರಿ, ಬಿಳಿ, ಹಸಿರಿನ ವೃತ್ತದ ಡೆಕಾಲನ್ನು ನೀರಲ್ಲಿ ನೆನೆಸಿ, ಜಾರಿಸಿ ಕೂರಿಸಬೇಕು. ಮೇಲ್ಮೈ ಒರಟಾಗಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅಂಚೆಲ್ಲ ಬೆಳ್ಳಗೆ ಕಾಣುತ್ತದೆ, ಅದಕ್ಕೇ ಮೊದಲು ಹೊಳಪಿನ ವಾರ್ನಿಷ್ ಒಂದು ಕೋಟ್. ಒಂದು ವೃತ್ತ ಮಡಚಿಕೊಂಡಿತು. ಕುಂಚದ ತುದಿಯಲ್ಲಿ ಅದನ್ನು ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ನಾನು ಮೊಬೈಲ್ ಮುಟ್ಟಿರಲಿಲ್ಲ. ಯಾವ ರಿಸಲ್ಟೂ ನೆನಪಾಗಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಬಾಲ ಊರಿತು.

ಪಕ್ಕದ ಮನೆಯ ಅಂಕಲ್ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿಯೇ ನಿವೃತ್ತರಾದವರು. ನೋಡಿ ಬಿದ್ದು ಬಿದ್ದು ನಕ್ಕರು. 'ಅಲ್ಲ ಕಣಪ್ಪಾ, ಮೂತಿಗೆ ಭಾರ ಹಾಕಿದೀಯಾ?' ನಿಜವಾದ ಮಿಗ್‌ನಲ್ಲಿ ಎಂಜಿನ್ ಹಿಂದಿದ್ದರೂ ಮುಂದೆ ರೇಡಾರ್, ಉಪಕರಣ, ಪೈಲಟ್ ಎಲ್ಲ ಇದ್ದು ತೂಗಿಸುತ್ತವೆ. ನನ್ನದು ಪೂರ್ತಿ ಟೊಳ್ಳು, ಚಕ್ರದ ಹಿಂದಿನ ಪ್ಲಾಸ್ಟಿಕ್ಕೇ ಜಾಸ್ತಿ. ಒಡಲಿನ ಎರಡು ಹೋಳು ಸೇರಿಸುವ ಮೊದಲೇ ಮೂತಿಯೊಳಗೆ ಭಾರ ಇಡಬೇಕಿತ್ತು. ಸೂಚನೆಯ ಹಾಳೆಯಲ್ಲಿ ಚಿತ್ರ ಸಮೇತ ಇತ್ತು. ಹೊರಗೆ ಕಾಣದ ಕೆಲಸವಲ್ಲವೇ ಎಂದು ನಾನೇ ದಾಟಿ ಹೋಗಿದ್ದೆ.

1963ರಲ್ಲಿ ವಾಯುಪಡೆಗೆ ಬಂದ ಮಿಗ್-21ಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ವಿದಾಯ ಹೇಳಿದರು. ಆ ದಿನ ಅಂಕಲ್ ಟಿ.ವಿ. ಮುಂದಿನಿಂದ ಏಳಲಿಲ್ಲ. ಸಂಜೆ ನಮ್ಮನೆಗೆ ಬಂದು, ನನ್ನ ವಿಮಾನವನ್ನು ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. 'ಇಷ್ಟು ಕ್ಲೀನಾಗಿ ಒಂದು ದಿನವೂ ಇರ್ತಿರಲಿಲ್ಲ ಕಣೋ. ಹೊಟ್ಟೆ ಕೆಳಗೆಲ್ಲ ಎಣ್ಣೆ ಇಳಿದಿರ್ತಿತ್ತು.' ಆ ರಾತ್ರಿಯೇ ಕಂದು ಬಣ್ಣವನ್ನು ನೀರಾಗಿಸಿ ಹೊಟ್ಟೆಗೆ ಎರಡು ಗೆರೆ ಇಳಿಸಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಹೋದ ತಿಂಗಳು ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಇಂಟರ್‌ವ್ಯೂ. 'ಎರಡು ವರ್ಷ ಏನ್ ಮಾಡಿದ್ರಿ?' ಎಂಬ ಪ್ರಶ್ನೆಗೆ 'ಪರೀಕ್ಷೆಗೆ ಓದ್ತಿದ್ದೆ ಸರ್' ಎಂಬುದು ನನ್ನ ಖಾಯಂ ಉತ್ತರ. ಈ ಸಲ ಬಾಯಿ ತಪ್ಪಿ ಬಾಲ ಊರಿದ ಕತೆ ಹೇಳಿಬಿಟ್ಟೆ. ಅವರು ಪೆನ್ ಕೆಳಗಿಟ್ಟು, 'ಹಾಗಾದ್ರೆ ಎಷ್ಟು ಗ್ರಾಂ ಬೇಕಿತ್ತು?' ಎಂದರು. ನನಗೆ ಗೊತ್ತಿರಲಿಲ್ಲ. ತಿಳಿಸುತ್ತೇವೆ ಎಂದಿದ್ದಾರೆ, ಫೋನ್ ಇನ್ನೂ ಬಂದಿಲ್ಲ.

ಎರಡನೇ ಕಿಟ್ಟೂ ಮಿಗ್ಗೇ. ಈ ಸಲ ಒಡಲಿನ ಹೋಳುಗಳಿಗೆ ಗಮ್ ಹಾಕದೆ ಟೇಪ್ ಸುತ್ತಿ, ಹಿಂದಿನ ಚಕ್ರ ಬರುವ ಜಾಗಕ್ಕೆ ಬೆರಳು ಕೊಟ್ಟು, ಮೂತಿ ಬಾಗುವವರೆಗೆ ಮೀನು ಗಾಳದ ಸೀಸದ ಗುಂಡುಗಳನ್ನು ಒಂದೊಂದಾಗಿ ಇಟ್ಟೆ. ಅವನ್ನು ತೂಗಲು ಮನೆಯಲ್ಲಿ ತಕ್ಕಡಿ ಎಲ್ಲಿದೆ? ಬೈಕ್ ತೆಗೆದು, ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಕರೆದೊಯ್ದದ್ದು ಅಪ್ಪ. ಆರೂವರೆ ಗ್ರಾಂ ತೂಗಿತು.