ಮನೆ ಖರೀದಿ: ಕಾಗದ ಬರೆಯುವವರು, ಕಾಗದ ಓದುವವರು

ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನವೊಂದಿದೆ. ಕ್ರಿ.ಶ. 578ರ ಈ ಶಾಸನವು ವಿಷ್ಣುವಿನ ಗುಹಾಲಯಕ್ಕೆ ಊರೊಂದನ್ನು ದತ್ತಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ಕೊಟ್ಟವರು ಯಾರು, ಯಾವಾಗ, ಯಾತಕ್ಕಾಗಿ, ಯಾರ ಸಮಕ್ಷಮ ಎಂಬುದೆಲ್ಲ ಅದರಲ್ಲುಂಟು. ಸೂರ್ಯ, ಅಗ್ನಿ ಹಾಗೂ ಮಹಾಜನರೇ ಅದಕ್ಕೆ ಸಾಕ್ಷಿ. ಇಂದಿನ ಖರೀದಿ ಪತ್ರದಲ್ಲಿ ಇರಬೇಕಾದದ್ದೂ ಹೆಚ್ಚುಕಡಿಮೆ ಇವೇ ವಿವರಗಳು. ಆದರೆ ಅರಸನ ದತ್ತಿಯನ್ನು ಪ್ರಶ್ನಿಸುವವರು ವಿರಳ. ಇಂದು ಮನೆ ಮಾರುವವರು ನಿಜಕ್ಕೂ ಅದರ ಒಡೆಯರೇ ಎಂಬುದನ್ನು ಕೊಳ್ಳುವವರೇ ಕಂಡುಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆಂದೇ ಸಾಲಿಸಿಟರುಗಳಿದ್ದಾರೆ. ನಮ್ಮಲ್ಲಿ 1961ರ ವಕೀಲರ ಕಾಯ್ದೆಯಡಿ ಅಂಥ ಪ್ರತ್ಯೇಕ ವರ್ಗವಿಲ್ಲ. ಬಾಗಲಕೋಟೆಯಿರಲಿ, ಹುನಗುಂದವಿರಲಿ, ಮನೆ ಕೊಳ್ಳುವವರು ಮೊದಲು ಹೋಗುವುದು ಉಪನೋಂದಣಿ ಕಚೇರಿಯ ಬಳಿ ಕುಳಿತ ಬಾಂಡ್ ರೈಟರ್ ಹತ್ತಿರ. ಪತ್ರ ಬರೆಯುವುದರಲ್ಲಿ ಅವರದು ಪಳಗಿದ ಕೈ. ಆದರೆ ಅವರು ಬರೆಯುವುದು ಎರಡೂ ಕಡೆಯವರು ಹೇಳಿದ್ದನ್ನು. ಹೇಳಿದ್ದು ನಿಜವೇ ಎಂದು ಶೋಧಿಸುವ ಹೊಣೆ ಅವರದಲ್ಲ.

‘ಸರಕಾರಿ ಕಚೇರಿಯಲ್ಲಿ ನೋಂದಣಿಯಾದ ಮೇಲೆ ಇನ್ನೇನು ಭಯ?’ ಎನ್ನುವವರುಂಟು. ಸಹಿ ಮಾಡಿದವರು ಯಾರು, ಮುದ್ರಾಂಕ ಶುಲ್ಕ ಸಂದಿದೆಯೇ ಎಂಬುದನ್ನು ಉಪನೋಂದಣಾಧಿಕಾರಿ ನೋಡುತ್ತಾರೆ. ಮಾರುವವರ ಒಡೆತನವನ್ನು ತೀರ್ಮಾನಿಸುವುದು ಅವರ ಕೆಲಸವಲ್ಲ. 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಇಲ್ಲದ ಹಕ್ಕನ್ನು ನೋಂದಣಿ ಹುಟ್ಟಿಸಲಾರದು. ಆದ್ದರಿಂದ ಕಾಗದ ಬರೆಯುವವರಿಗಿಂತ ಮೊದಲು ಕಾಗದ ಓದುವವರು ಬೇಕು. ಅವರೇ ವಕೀಲರು.

ಯಾವ ವಕೀಲರು? ಊರಿನ ಚರಿತ್ರೆ ಬಲ್ಲವರು ಎಂಬುದು ಮೊದಲ ಉತ್ತರ. ಬಾಗಲಕೋಟೆಯನ್ನೇ ನೋಡಿ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದಿತು. ಅದಕ್ಕಾಗಿ 1983ರ ಕಾಯ್ದೆಯಡಿ ಪಟ್ಟಣಾಭಿವೃದ್ಧಿ ಪ್ರಾಧಿಕಾರವೇ ರಚನೆಯಾಯಿತು. ಇಲ್ಲಿ ನಿವೇಶನ ಮೂಲತಃ ಯಾರಿಗೆ ಹಂಚಿಕೆಯಾಯಿತು, ಮಾರಾಟಕ್ಕೆ ಷರತ್ತುಂಟೆ, ಪ್ರಾಧಿಕಾರದ ಬಾಕಿ ಉಳಿದಿದೆಯೆ ಎಂದು ನೋಡಬೇಕು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ. ಹಳೆಯ ಊರಿನಲ್ಲಿ ಕೊಳ್ಳುವವರು ಆ ಮನೆ ಭೂಸ್ವಾಧೀನದ ಪಟ್ಟಿಯಲ್ಲಿದೆಯೇ ಎಂದು ಕೇಳಲೇಬೇಕು.

ಬಾದಾಮಿಯ ಪ್ರಶ್ನೆ ಬೇರೆ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮನೆಯ ಒಡೆತನ ನಿಷ್ಕಳಂಕವಾಗಿದ್ದರೂ ಕೆಡವಿ ಹೊಸದು ಕಟ್ಟಲು ಬರದಂತಾಗಬಹುದು; ದುರಸ್ತಿಗೂ ಅನುಮತಿ ಬೇಕು.

ಹುನಗುಂದ, ಇಳಕಲ್ ಕಡೆ ತೊಡಕು ಇರುವುದು ಮನೆತನದಲ್ಲಿ. ಕುಣಿಮಗ್ಗವಿರುವ ನೇಕಾರರ ಹಳೆಯ ಮನೆಯನ್ನು ಅಣ್ಣತಮ್ಮಂದಿರು ಕೂಡಿ ಮಾರುತ್ತಾರೆ ಎನ್ನೋಣ. ಅಕ್ಕತಂಗಿಯರ ಸಹಿ ಎಲ್ಲಿ? 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಾಟ್ನಿ ಆಗಿದ್ದರೆ ಮಾತು ಬೇರೆ. ಉತಾರದಲ್ಲಿ ಗಂಡುಮಕ್ಕಳ ಹೆಸರಷ್ಟೇ ಇದ್ದರೆ ಒಳ್ಳೆಯ ವಕೀಲರು ಅಲ್ಲಿಗೇ ತೃಪ್ತರಾಗದೆ ವಂಶಾವಳಿ ಕೇಳುತ್ತಾರೆ.

ಈ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಳೆಯ ಕಾಗದಗಳಲ್ಲಿ ಮರಾಠಿ, ಮೋಡಿ ಲಿಪಿ ಎದುರಾಗುವುದುಂಟು. ಇಳಕಲ್ ಪ್ರತ್ಯೇಕ ತಾಲ್ಲೂಕೆಂದು ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ. ಹೀಗಾಗಿ ಹಳೆಯ ದಾಖಲೆಗೆ ಹುನಗುಂದದಲ್ಲೂ ಹುಡುಕಬೇಕಾದೀತು. ಮಾರುವವರು ಕೊಟ್ಟ ಝೆರಾಕ್ಸ್ ಪ್ರತಿ ನೋಡಿ ಅಭಿಪ್ರಾಯ ಹೇಳುವವರಿಗಿಂತ ಕಚೇರಿಯಿಂದ ದೃಢೀಕೃತ ನಕಲು ತೆಗೆಸುವವರು ಮೇಲು.

ವಕೀಲರನ್ನು ಆರಿಸುವಾಗ ಇನ್ನೂ ಕೆಲವು ಸಂಗತಿ ಲಕ್ಷ್ಯದಲ್ಲಿರಲಿ. ವಕೀಲರು ಜಾಹೀರಾತು ಕೊಡುವಂತಿಲ್ಲ. ಈ ಮೊದಲು ಮನೆ ಕೊಂಡವರನ್ನು ಕೇಳುವುದೇ ದಾರಿ. ಸನದು ಇದೆಯೇ ಎಂಬುದನ್ನು ರಾಜ್ಯ ವಕೀಲರ ಪರಿಷತ್ತಿನಲ್ಲಿ ಖಚಿತಪಡಿಸಿಕೊಳ್ಳಬಹುದು. ಮಾರುವವರ ಅಥವಾ ಲೇಔಟ್ ಮಾಲಿಕರ ವಕೀಲರೇ ನಿಮ್ಮವರೂ ಆಗುವುದು ಬೇಡ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲದ ಭದ್ರತೆಯನ್ನು. ಸಾಮಾನ್ಯವಾಗಿ 30 ವರ್ಷಗಳ ಕಾಗದಪತ್ರ ನೋಡುವ ವಾಡಿಕೆಯಿದೆ. ಎಷ್ಟು ವರ್ಷದ್ದು ನೋಡುತ್ತೀರಿ ಎಂದು ಕೇಳಿ. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಮೂಲಪತ್ರವನ್ನು ಅಡವಿಟ್ಟು ತಂದ ಸಾಲ ಅದರಲ್ಲಿ ಕಾಣದೆಯೂ ಹೋಗಬಹುದು. ಮೂಲಪತ್ರವನ್ನೇ ಕಣ್ಣಾರೆ ನೋಡಬೇಕು. ಫೀ ಎಷ್ಟೆಂಬುದು ಮೊದಲೇ ನಿಶ್ಚಯವಾಗಲಿ, ಅಭಿಪ್ರಾಯ ಬರವಣಿಗೆಯಲ್ಲಿರಲಿ.

ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ, ಇಲ್ಲವೇ ಮುಖತ್ಯಾರ ಪತ್ರದ ಮೇಲೆ ‘ಮನೆ ಕೊಂಡೆ’ ಎನ್ನುವವರು ಈಗಲೂ ಇದ್ದಾರೆ. ನೂರು ರೂಪಾಯಿ ಹಾಗೂ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳಿದೆ. ಮುಖತ್ಯಾರ ಪತ್ರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿಯಾಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಕೀಲರ ಬಳಿ ಹೋಗುವ ಹೊತ್ತು. ಸಂಚಕಾರ ಕೊಟ್ಟ ಮೇಲೆ ಹೋದರೆ ಅವರು ತಪ್ಪು ತೋರಿಸಬಲ್ಲರು, ಹಣ ಮರಳಿಸಲಾರರು. ಮೊದಲೇ ಹೋದರೆ ‘ಈ ಮನೆ ಬೇಡ’ ಎಂದಾರು. ಜೀವಮಾನದ ಗಳಿಕೆಯನ್ನು ಉಳಿಸುವ ಆ ಒಂದು ಮಾತಿಗೆ ಕೊಟ್ಟ ಫೀ ದಂಡವಲ್ಲ.