ಬ್ರಹ್ಮಗಿರಿಯ ಬಂಡೆಯಲ್ಲಿ ಬೈಬಲ್ ಕಾಲದ ಕಥಾನಾಯಕ!

ಎಡದಿಂದ ಬಲಕ್ಕೆ, ಸಾಲಿನ ಕೆಳಗೆ ಸಾಲು, ಬ್ರಾಹ್ಮಿ ಅಕ್ಷರಗಳು ಸಾಗುತ್ತವೆ. ಹದಿಮೂರನೆಯ ಸಾಲಿನ ತುದಿಗೆ ಬಂದಾಗ ಕಣ್ಣು ಥಟ್ಟನೆ ನಿಲ್ಲುತ್ತದೆ. ಅಲ್ಲೊಂದು ಪದ ಬಲದಿಂದ ಎಡಕ್ಕೆ ಹರಿದಿದೆ! ಅದರ ಲಿಪಿಯೇ ಬೇರೆ. ಈ ಸೀಮೆಯಲ್ಲಿ ಯಾರೂ ಬರೆಯದಿದ್ದ, ಸಾವಿರ ಮೈಲಿಗೂ ಆಚೆಯ ಖರೋಷ್ಠಿ ಲಿಪಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಊರವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದ ಬಂಡೆ ಇದು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇದನ್ನು ಬೆಳಕಿಗೆ ತಂದಾಗ, ಅಶೋಕನ ಆಜ್ಞೆ ಕನ್ನಡ ನೆಲದ ಇಷ್ಟು ಒಳಗೆ ಬಂದಿತ್ತೇ ಎಂದು ವಿದ್ವಲ್ಲೋಕವೇ ಬೆರಗಾಯಿತು.

ಆ ಕೊನೆಯ ಸಾಲಿನಲ್ಲಿ ಬರೆದವನು ತನ್ನ ಹೆಸರನ್ನೂ ಬಿಟ್ಟುಹೋಗಿದ್ದಾನೆ. ಚಪಡ! ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಯಾಕೆ? ಖರೋಷ್ಠಿ ಅಂದು ಚಲಾವಣೆಯಲ್ಲಿದ್ದದ್ದು ಗಾಂಧಾರದ ಕಡೆ. ಅಶೋಕನ ಖರೋಷ್ಠಿ ಶಾಸನಗಳಿರುವುದು ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿ ಮತ್ತು ಮಾನ್‌ಸೆಹ್ರಾಗಳಲ್ಲಿ. ಹಾಗಾಗಿ ಈ ಚಪಡ ಆ ಕಡೆಯಿಂದ ಬಂದವನೋ, ಅಲ್ಲಿ ಕಲಿತವನೋ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ, ಮೈ ಜುಮ್ಮೆನ್ನುತ್ತದೆ! ಖರೋಷ್ಠಿ ಹುಟ್ಟಿದ್ದು ಅರಮಾಯಿಕ್ ಲಿಪಿಯಿಂದ. ಪರ್ಷಿಯನ್ ಸಾಮ್ರಾಜ್ಯದ ಕಚೇರಿಗಳ ಮೂಲಕ ಸಿಂಧೂತೀರದವರೆಗೂ ಬಂದ ಲಿಪಿ ಅದು. ಅದೇ ಅರಮಾಯಿಕ್ ಭಾಷೆಯಲ್ಲಿ ಬೈಬಲ್ಲಿನ ದಾನಿಯೇಲ ಮತ್ತು ಎಜ್ರ ಗ್ರಂಥಗಳ ಭಾಗಗಳಿವೆ. ಮುಂದೆ ಯೇಸು ಆಡಿದ ಮಾತೂ ಅದೇ. ಜೆರುಸಲೇಮಿನ ಬರಹಗಾರ ಬಳಸುತ್ತಿದ್ದ ಅಕ್ಷರಗಳ ಒಡಹುಟ್ಟು ನಮ್ಮ ಚಿನ್ನಹಗರಿ ಸೀಮೆಯ ಬಂಡೆಯ ಮೇಲೆ ಕುಳಿತಿದೆ!

ಕಾಲವನ್ನೂ ಜೋಡಿಸಿ ನೋಡಿ. ಇದು ಕ್ರಿ.ಪೂ. 3ನೇ ಶತಮಾನ. ತನ್ನ ಹದಿಮೂರನೆಯ ಮಹಾಶಾಸನದಲ್ಲಿ ಅಶೋಕ ಹೆಸರಿಸುವ ದೂರದ ಅರಸರಲ್ಲಿ ಈಜಿಪ್ಟಿನ ಟಾಲೆಮಿಯೂ ಒಬ್ಬ. ಯೆಹೂದ್ಯರ ನಾಡು ಆಗ ಇದ್ದದ್ದು ಅವನ ಆಳ್ವಿಕೆಯಲ್ಲೇ. ಹೀಬ್ರೂ ಧರ್ಮಗ್ರಂಥ ಗ್ರೀಕ್ ಭಾಷೆಗೆ ಇಳಿಯತೊಡಗಿದ್ದು ಅವನ ಅಲೆಕ್ಸಾಂಡ್ರಿಯದಲ್ಲಿ ಎನ್ನುತ್ತದೆ ಪರಂಪರೆ. ಅಲ್ಲಿ ಮೋಶೆಯ ಮಾತು ಹೊಸ ಭಾಷೆಯನ್ನು ತೊಡುತ್ತಿದ್ದ ಕಾಲಕ್ಕೆ, ಇಲ್ಲಿ ಚಪಡನೆಂಬ ಲಿಪಿಕಾರ ಬುದ್ಧಮಾರ್ಗಿ ಅರಸನೊಬ್ಬನ ಮಾತನ್ನು ಕಲ್ಲಿಗೆ ಇಳಿಸುತ್ತಿದ್ದ.

ಚಪಡನ ಈ ಕಥೆ ಕಾದಂಬರಿಯಾಗಬಾರದೇಕೆ? ಬೈಬಲ್ ಕಾಲದಲ್ಲಿ ನಡೆಯುವ ಐತಿಹಾಸಿಕ ಕಾದಂಬರಿಗಳು ಜಗತ್ತಿನ ಭಾಷೆಗಳಲ್ಲಿ ಎಷ್ಟೋ ಇವೆ. ಏನನ್ನೋ ಹುಡುಕಿ ಹೊರಟ ಯುವಕ, ಮರಳುಗಾಡು, ವರ್ತಕರ ಸಾಲು, ಅಪರಿಚಿತ ಪಟ್ಟಣಗಳು. ಲ್ಯೂ ವ್ಯಾಲೇಸ್‌ನ ‘ಬೆನ್ ಹರ್’ 1880ರಷ್ಟು ಹಿಂದೆಯೇ ಆ ದಾರಿ ತುಳಿಯಿತು. ಆ ಲೋಕ ಕನ್ನಡಕ್ಕೂ ಹೊಸತಲ್ಲ. ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಕೊಟ್ಟರು. ಆದರೆ ಅಂಥ ಅನ್ವೇಷಣೆಯ ಕೊನೆಯ ಪುಟ ನಮ್ಮ ಅಂಗಳದಲ್ಲೇ ಇದೆಯಲ್ಲ! ಚಪಡನನ್ನು ಇಪ್ಪತ್ತರ ಹುಡುಗನನ್ನಾಗಿ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಕಾದಂಬರಿಕಾರನಿಗೆ ಇದೆ. ತಕ್ಷಶಿಲೆಯ ಅರಮಾಯಿಕ್ ಶಾಸನದ ನೆರಳಲ್ಲಿ ಅವನು ಅಕ್ಷರ ತಿದ್ದಲಿ. ಗಂಗೆ, ನರ್ಮದೆ, ಕೃಷ್ಣೆ, ತುಂಗಭದ್ರೆಯರನ್ನು ದಾಟಲಿ.

ದಾರಿಯ ಕೊನೆಯ ಹಂತವನ್ನಂತೂ ಶಾಸನವೇ ಹೇಳುತ್ತದೆ: ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಕಳಿಸಿದ ಸಂದೇಶವಿದು. ಆ ಇಸಿಲ ಬ್ರಹ್ಮಗಿರಿಯ ಬುಡದಲ್ಲೇ ಇತ್ತೆನ್ನುತ್ತಾರೆ. ಶಾಸನದಲ್ಲಿ 256 ಎಂಬ ಅಂಕೆಯೂ ಇದೆ; ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು ಹಲವು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ಕಾದಂಬರಿಯ ಅಧ್ಯಾಯಗಳನ್ನು ಕಲ್ಲೇ ಎಣಿಸಿಟ್ಟ ಹಾಗಿದೆ!

ಇಲ್ಲಿಗೆ ಬಂದ ಚಪಡ ಕಂಡದ್ದೇನು? ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಇಲ್ಲಿ ಅಗೆದಾಗ ನಯಗೊಳಿಸಿದ ಕಲ್ಲುಕೊಡಲಿಗಳ ಜನ, ಅವರ ಮೇಲಿನ ಪದರದಲ್ಲಿ ಕಬ್ಬಿಣ ಬಳಸಿ ಬೃಹತ್ ಶಿಲಾಸಮಾಧಿ ಕಟ್ಟಿದ ಜನ ಪ್ರಕಟವಾದರು. ಸುತ್ತಲೂ ಬಂಡೆ, ಕುರುಚಲು, ಹುಲ್ಲು. ಸಿದ್ದಾಪುರದಲ್ಲೊಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಳೆಗಾರಗುಂಡಿನ ಮೇಲೊಂದು, ಅದೇ ಸಂದೇಶ ಮತ್ತೆರಡು ಕಡೆ ಕೆತ್ತಲ್ಪಟ್ಟಿತು.

ಇಂದು ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಚಳ್ಳಕೆರೆಯ ಹುಲ್ಲುಗಾವಲು. ಅಮೃತಮಹಲ್ ದನಗಳು ಮೇಯ್ದ ಅಲ್ಲಿನ ವರವು ಕಾವಲ್‌ನಲ್ಲಿ ಈಗ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆಯಿದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವೊಂದು ಹೆಲಿಕಾಪ್ಟರಿನಿಂದ 4.5 ಕಿ.ಮೀ. ಎತ್ತರದಲ್ಲಿ ಕಳಚಿಕೊಂಡು, ದಾರಿಯನ್ನು ತಾನೇ ಕಂಡುಕೊಂಡು ಅಲ್ಲಿನ ರನ್‌ವೇ ಮೇಲೆ ಇಳಿಯಿತು. ಬಾಹ್ಯಾಕಾಶದ ಕನಸು ಇಳಿದ ಸೀಮೆಗೆ ಗಾಂಧಾರದ ಅಕ್ಷರ ಎರಡು ಸಾವಿರ ವರ್ಷಗಳಿಗೂ ಮೊದಲೇ ಬಂದು ಸೇರಿತ್ತು!

ಕಥೆಗೆ ಎರಡನೆಯ ಸಂಪುಟವೂ ಸಿದ್ಧವಿದೆ. ಇದೇ ಚಿತ್ರದುರ್ಗ ಜಿಲ್ಲೆಯ ಚಂದ್ರವಳ್ಳಿಯ ಮಣ್ಣಲ್ಲಿ ರೋಮಿನ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಯೇಸುವನ್ನು ಶಿಲುಬೆಗೆ ಏರಿಸಿದಾಗ ರೋಮನ್ನು ಆಳುತ್ತಿದ್ದವನು ಅವನೇ!

ಇದನ್ನು ಬರೆಯುವವರು ಯಾರು? ಚಳ್ಳಕೆರೆ ತಾಲ್ಲೂಕಿನ ತಳುಕು ಕಾದಂಬರಿಕಾರ ತ.ರಾ.ಸು. ಅವರ ಮನೆತನದ ಊರು. ದುರ್ಗದ ಪಾಳೆಯಗಾರರಿಗೆ ‘ದುರ್ಗಾಸ್ತಮಾನ’ದಲ್ಲಿ ಮರುಜೀವ ಕೊಟ್ಟ ಲೇಖನಿ ಅವರದು, 1985ರಲ್ಲಿ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಈ ಸಲ ನಾಯಕನಿಗೆ ಕಿರೀಟವಿಲ್ಲ, ಕೋಟೆಯಿಲ್ಲ. ಅವನೊಬ್ಬ ಬರಹಗಾರ ನೌಕರ. ಅವನು ಹೊತ್ತು ತಂದ ಸಂದೇಶದ ತಿರುಳು ಕೇಳಿ: ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸ್ವರ್ಗ ಸಾಧ್ಯ, ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಜೀವಿಗಳಲ್ಲಿ ದಯೆ ಇರಬೇಕು. ಅಷ್ಟು ದೂರ ನಡೆದು ಬಂದು ಆ ಮಾತನ್ನು ಕೆತ್ತಿಸಿದ ಸಣ್ಣವನಿಗೆ ಕನ್ನಡದಲ್ಲೊಂದು ಮಹಾಕಾದಂಬರಿ ಸಲ್ಲಲೇಬೇಕು. ಕನ್ನಡದ ಕಾದಂಬರಿಕಾರರೇ, ಚಪಡ ನಿಮ್ಮವನು. ಅವನ ಕಥೆಯನ್ನು ಬರೆಯಿರಿ.